ಹಲ್ಲಿನ ಅಮಾಲ್ಗಮ್ ಮತ್ತು ಬದಲಿ ಫಿಲ್ಲಿಂಗ್ ವಸ್ತುಗಳು: ಚಿಕ್ಕಬಳ್ಳಾಪುರ ಸೀಮೆಯ ಹಿನ್ನೆಲೆಯಲ್ಲಿ

ಹುಳುಕು ಹಲ್ಲಿನ ಗುಳಿ ತುಂಬಲು ಬಳಸುವ, ಪಾದರಸ, ಬೆಳ್ಳಿ, ತವರ ಮತ್ತು ತಾಮ್ರ ಬೆರೆತ ಮಿಶ್ರಲೋಹಕ್ಕೆ ಅಮಾಲ್ಗಮ್ ಎಂದು ಹೆಸರು. ಜನರ ಮಾತಿನಲ್ಲಿ ಇದು ‘ಬೆಳ್ಳಿ ಫಿಲ್ಲಿಂಗ್’. ಹಲ್ಲಿನ ಬಣ್ಣಕ್ಕೆ ಹೊಂದುವ ಉಳಿದ ವಸ್ತುಗಳನ್ನೆಲ್ಲ ಸಾಮಾನ್ಯವಾಗಿ ‘ಸಿಮೆಂಟ್’ ಎಂದೇ ಕರೆಯುತ್ತಾರೆ. ಅಮಾಲ್ಗಮ್‌ನ ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸವೇ ಆಗಿರುವುದರಿಂದ ಅದರ ಬಳಕೆ ಲೋಕದಾದ್ಯಂತ ಇಳಿಯುತ್ತಿದೆ. ಹಳೆಯ ಫಿಲ್ಲಿಂಗ್ ತೆಗೆಸಬೇಕೆ, ತೆಗೆಸಿದರೆ ಆ ಜಾಗಕ್ಕೆ ಏನನ್ನು ತುಂಬಿಸಬೇಕು ಎಂಬ ಪ್ರಶ್ನೆಗಳು ಇದರಿಂದ ಹುಟ್ಟಿವೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗಳ ಜೊತೆಗೆ ನೀರಿನ ವಿಷಯವೂ ಸೇರಿಕೊಳ್ಳುತ್ತದೆ. ಇಲ್ಲಿನ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚಿದ್ದು, ಆ ನೀರು ಕುಡಿದು ಬೆಳೆದವರ ಹಲ್ಲಿನ ಹೊರಪದರವಾದ ಎನಾಮಲ್‌ನ ರಚನೆಯೇ ಬೇರೆಯಾಗಿರುತ್ತದೆ. ಹಲ್ಲಿಗೆ ಅಂಟಿಕೊಂಡು ನಿಲ್ಲಬೇಕಾದ ಬದಲಿ ವಸ್ತು ಎಷ್ಟು ಬಾಳುತ್ತದೆ ಎಂಬುದು ಆ ಎನಾಮಲ್‌ನ ಮೇಲೆ ನಿಂತಿದೆ. ಆದ್ದರಿಂದ ಈ ಸೀಮೆಯಲ್ಲಿ ಸುರಕ್ಷಿತ ವಸ್ತುವನ್ನು ಆರಿಸುವಾಗ ಪಾದರಸದಷ್ಟೇ ಹಲ್ಲಿನ ಸ್ಥಿತಿಯನ್ನೂ ಗಮನಿಸಬೇಕಾಗುತ್ತದೆ.

ನೆಲ, ನೀರು ಮತ್ತು ಹಲ್ಲು

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ನಂದಿಬೆಟ್ಟದ ಸುತ್ತಲಿನ ಗಿರಿಸಾಲಿನಲ್ಲಿ ಹುಟ್ಟಿದರೂ ಮಳೆಗಾಲ ಕಳೆದ ಮೇಲೆ ಬತ್ತುತ್ತವೆ. ಕೆರೆ, ಕಲ್ಯಾಣಿ, ತೆರೆದ ಬಾವಿಗಳ ನೀರು ಕುಡಿಯುತ್ತಿದ್ದ ಊರುಗಳು ಕಳೆದ ಕೆಲವು ದಶಕಗಳಲ್ಲಿ ಕೊಳವೆಬಾವಿಗೆ ತಿರುಗಿದವು. ಸಾವಿರ ಅಡಿ ಮೀರಿದ ಕೊಳವೆಬಾವಿ ಇಂದು ಇಲ್ಲಿ ಅಪರೂಪವಲ್ಲ.

ಈ ಭಾಗದ ತಳಪಾಯ ಗ್ರಾನೈಟ್ ಮತ್ತು ನೈಸ್ ಶಿಲೆಗಳದು. ಅವುಗಳಲ್ಲಿರುವ ಅಪಟೈಟ್, ಕಪ್ಪು ಅಭ್ರಕ ಮೊದಲಾದ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಂಡೆಯ ಬಿರುಕುಗಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ, ಅದರಲ್ಲಿ ಸುಣ್ಣದಂಶ ಕಡಿಮೆಯಾಗಿ ಕ್ಷಾರಗುಣ ಹೆಚ್ಚಿದಷ್ಟೂ ಫ್ಲೋರೈಡ್ ಕರಗಿ ಬರುತ್ತದೆ. ಬಿರುಕಿನ ಜಾಡು ಒಂದೇ ಸಮನಾಗಿರದ ಕಾರಣ ಒಂದೇ ಊರಿನ ಎರಡು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣ ಬೇರೆ ಬೇರೆ ಇರಬಹುದು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಪ್ರತಿ ಲೀಟರ್‌ನಲ್ಲಿ 1 ಮಿಲಿಗ್ರಾಂವರೆಗಿನ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಜಿಲ್ಲೆಯ ಅನೇಕ ಕೊಳವೆಬಾವಿಗಳು ಈ ಗೆರೆ ದಾಟಿವೆ.

ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಹುಟ್ಟಿನಿಂದ ಸುಮಾರು ಎಂಟನೆಯ ವಯಸ್ಸಿನವರೆಗೆ, ಫ್ಲೋರೈಡ್ ಅತಿಯಾಗಿ ದೇಹ ಸೇರಿದರೆ ಎನಾಮಲ್ ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ. ಇದು ದಂತ ಫ್ಲೋರೋಸಿಸ್. ಸೌಮ್ಯವಾಗಿದ್ದರೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆಗಳು ಮೂಡುತ್ತವೆ. ತೀವ್ರವಾದರೆ ಕಂದು ಕರೆ, ಸಣ್ಣ ಗುಳಿಗಳು, ಚಕ್ಕೆ ಏಳುವುದು ಕಾಣಿಸುತ್ತವೆ. ಕರೆಯ ಬಣ್ಣ ಹಲ್ಲು ಬಾಯಿಗೆ ಬಂದ ಮೇಲೆ ಹೊರಗಿನಿಂದ ಸೇರಿದ್ದಾದರೂ ಅದಕ್ಕೆ ಎಡೆ ಮಾಡಿಕೊಡುವುದು ಒಳಗಿನ ರಂಧ್ರಮಯ ರಚನೆಯೇ. ಎಂಟು ವರ್ಷ ದಾಟಿದ ಮೇಲೆ ಫ್ಲೋರೈಡ್ ನೀರು ಕುಡಿದರೆ ಮೂಳೆಗಳಿಗೆ ಅಪಾಯವಿದೆ, ಆದರೆ ಆಗಲೇ ರೂಪುಗೊಂಡ ಹಲ್ಲಿಗೆ ಹೊಸದಾಗಿ ಫ್ಲೋರೋಸಿಸ್ ಬರುವುದಿಲ್ಲ.

ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಥ ಕಂದು ಹಲ್ಲುಗಳನ್ನು ಗುರುತಿಸಿ ವರ್ಷಗಟ್ಟಲೆ ಕಾರಣ ಹುಡುಕಿದ. ನೀರಿನ ಫ್ಲೋರೈಡೇ ಕಾರಣವೆಂದು 1931ರಲ್ಲಿ ತಿಳಿಯಿತು. ಭಾರತದಲ್ಲಿ ಫ್ಲೋರೋಸಿಸ್ 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಮೊದಲು ವರದಿಯಾಯಿತು. ನಂದಿಬೆಟ್ಟದ ಬಳಿ ಹುಟ್ಟುವ ಉತ್ತರ ಪಿನಾಕಿನಿ ಸಮುದ್ರ ಸೇರುವುದು ಅದೇ ಜಿಲ್ಲೆಯಲ್ಲಿ.

ಸೌಮ್ಯ ಫ್ಲೋರೋಸಿಸ್ ಇರುವ ಹಲ್ಲಿಗೆ ಹುಳುಕು ಹಿಡಿಯುವುದು ಕಡಿಮೆ. ಗುಳಿ ಬಿದ್ದು ಚಕ್ಕೆ ಎದ್ದ ಹಲ್ಲಿನಲ್ಲಿ ಆಹಾರ ಸಿಕ್ಕಿಕೊಂಡು ಹುಳುಕು ಹೆಚ್ಚಬಹುದು. ಹೀಗಾಗಿ ಫಿಲ್ಲಿಂಗ್ ಮತ್ತು ಫ್ಲೋರೋಸಿಸ್ ಒಂದೇ ಬಾಯಲ್ಲಿ ಕಾಣುವುದು ಈ ಸೀಮೆಯಲ್ಲಿ ಹೊಸದಲ್ಲ.

ಅಮಾಲ್ಗಮ್‌ನ ಇತಿಹಾಸ

ಬೆಳ್ಳಿ ಬೆರೆತ ಪಾದರಸದ ಲೇಪವನ್ನು ಹಲ್ಲಿಗೆ ತುಂಬುವ ವಿಧಾನದ ಉಲ್ಲೇಖ ಏಳನೆಯ ಶತಮಾನದ ಚೀನಾದ ಔಷಧ ಗ್ರಂಥದಲ್ಲಿದೆ. ಆಧುನಿಕ ಬಳಕೆ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಫ್ರಾನ್ಸ್‌ನಲ್ಲಿ ಆರಂಭವಾಗಿ 1833ರಲ್ಲಿ ಅಮೆರಿಕ ತಲುಪಿತು. ಚಿನ್ನದ ಹಾಳೆಯಿಂದ ಹಲ್ಲು ತುಂಬುತ್ತಿದ್ದ ಅಲ್ಲಿನ ವೈದ್ಯರು ಇದನ್ನು ಬಲವಾಗಿ ವಿರೋಧಿಸಿದರು. 1840ರಲ್ಲಿ ಹುಟ್ಟಿದ ಅವರ ಸಂಘವು ಅಮಾಲ್ಗಮ್ ಬಳಸುವುದಿಲ್ಲವೆಂದು ಸದಸ್ಯರಿಂದ ಪ್ರತಿಜ್ಞೆ ಪಡೆಯಿತು. ಈ ಜಗಳದಲ್ಲೇ ಒಡೆದು 1856ರಲ್ಲಿ ಆ ಸಂಘ ಮುಚ್ಚಿಹೋಯಿತು. ಅಮೆರಿಕದ ದಂತವೈದ್ಯ ಜಿ. ವಿ. ಬ್ಲ್ಯಾಕ್ 1890ರ ದಶಕದಲ್ಲಿ ಲೋಹಗಳ ಪ್ರಮಾಣವನ್ನು ಹದಗೊಳಿಸಿದ ಮೇಲೆ ಅಮಾಲ್ಗಮ್ ಹಿಗ್ಗುವುದು, ಕುಗ್ಗುವುದು ಹತೋಟಿಗೆ ಬಂತು. 1960ರ ದಶಕದಲ್ಲಿ ಬಂದ ಹೆಚ್ಚು ತಾಮ್ರದ ಅಮಾಲ್ಗಮ್ ಬೇಗ ತುಕ್ಕು ಹಿಡಿಯದೆ ಇನ್ನಷ್ಟು ಬಾಳಿತು.

ಅಗ್ಗದ ಬೆಲೆ, ಅಗಿಯುವ ಒತ್ತಡ ತಡೆಯುವ ಶಕ್ತಿ, ಜೊಲ್ಲಿನ ತೇವವಿದ್ದರೂ ಹಾಕಬಹುದಾದ ಅನುಕೂಲ, ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸ, ಹತ್ತು ಹದಿನೈದು ವರ್ಷ ಮೀರಿದ ಬಾಳಿಕೆ, ಇವು ಅಮಾಲ್ಗಮ್ ಅನ್ನು ಸರ್ಕಾರಿ ಆಸ್ಪತ್ರೆಗಳ ಮುಖ್ಯ ವಸ್ತುವಾಗಿಸಿದವು. ಅದು ಹಲ್ಲಿಗೆ ಅಂಟುವುದಿಲ್ಲ, ಗುಳಿಯ ಆಕಾರವೇ ಅದನ್ನು ಹಿಡಿದಿಡಬೇಕು. ಅದಕ್ಕಾಗಿ ಒಳಗೆ ಅಗಲವಾಗಿ, ಬಾಯಲ್ಲಿ ಕಿರಿದಾಗಿ ಕೊರೆಯುವಾಗ ಸ್ವಲ್ಪ ಒಳ್ಳೆಯ ಹಲ್ಲೂ ಹೋಗುತ್ತದೆ. ಆದರೆ ಫ್ಲೋರೋಸಿಸ್ ಇರುವ ಎನಾಮಲ್‌ನ ಅಂಟಿನ ದೋಷ ಅಮಾಲ್ಗಮ್‌ಗೆ ತಟ್ಟುವುದಿಲ್ಲ. ಅದನ್ನು ತೆಗೆದು ಬೇರೆ ವಸ್ತು ಹಾಕುವಾಗ ಈ ಅನುಕೂಲವೂ ಹೋಗುತ್ತದೆ.

ಪಾದರಸದಿಂದ ಅಪಾಯ ಎಷ್ಟು

ಪಾದರಸದ ವಿಷವೆಂದರೆ ನೆನಪಾಗುವುದು 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟ ದುರಂತ. ಅಲ್ಲಿ ಜನರನ್ನು ಬಲಿ ಪಡೆದದ್ದು ಕಾರ್ಖಾನೆಯ ಹೊಲಸಿನಿಂದ ಮೀನುಗಳಿಗೆ ಸೇರಿದ ಮಿಥೈಲ್ ಪಾದರಸ. ಹಲ್ಲಿನ ಫಿಲ್ಲಿಂಗ್‌ನಿಂದ ಹೊರಬೀಳುವುದು ಲೋಹರೂಪದ ಪಾದರಸದ ಆವಿ. ಅಗಿಯುವಾಗ, ಹಲ್ಲು ಕಡಿಯುವಾಗ, ಬಿಸಿ ಪಾನೀಯ ಕುಡಿಯುವಾಗ ಆವಿ ಹೆಚ್ಚುತ್ತದೆ. ಫಿಲ್ಲಿಂಗ್‌ಗಳ ಸಂಖ್ಯೆಗೆ ತಕ್ಕಂತೆ ದೇಹ ಸೇರುವ ಪ್ರಮಾಣ ಸಾಮಾನ್ಯವಾಗಿ ದಿನಕ್ಕೆ ಕೆಲವು ಮೈಕ್ರೋಗ್ರಾಂಗಳಷ್ಟು.

ಮಕ್ಕಳ ಮೇಲೆ ನಡೆದ ಎರಡು ದೀರ್ಘ ಅಧ್ಯಯನಗಳ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಒಂದು ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ, ಇನ್ನೊಂದು ಅಮೆರಿಕದ ನ್ಯೂ ಇಂಗ್ಲೆಂಡ್ ಭಾಗದಲ್ಲಿ ನಡೆದದ್ದು. ಅಮಾಲ್ಗಮ್ ಹಾಕಿಸಿಕೊಂಡ ಮಕ್ಕಳ ಮೂತ್ರದಲ್ಲಿ ಪಾದರಸ ಸ್ವಲ್ಪ ಹೆಚ್ಚಿತ್ತು. ಬುದ್ಧಿಶಕ್ತಿ ಮತ್ತು ನರಗಳ ಕೆಲಸದಲ್ಲಿ ಉಳಿದ ಮಕ್ಕಳಿಗಿಂತ ಕೊರತೆ ಕಾಣಲಿಲ್ಲ. ಹಾಗಿದ್ದರೂ ಎಲ್ಲರ ದೇಹವೂ ಒಂದೇ ಅಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2020ರಲ್ಲಿ ಎಚ್ಚರಿಕೆ ನೀಡಿತು. ಗರ್ಭಿಣಿಯರು, ಗರ್ಭ ಧರಿಸಲು ಯೋಚಿಸುತ್ತಿರುವವರು, ಎದೆಹಾಲುಣಿಸುವವರು, ಮಕ್ಕಳು, ನರರೋಗ ಇಲ್ಲವೆ ಮೂತ್ರಪಿಂಡದ ತೊಂದರೆ ಇರುವವರು, ಪಾದರಸದ ಅಲರ್ಜಿ ಇರುವವರು ಹೊಸ ಅಮಾಲ್ಗಮ್ ಹಾಕಿಸಿಕೊಳ್ಳದಿರುವುದು ಒಳಿತು ಎಂಬುದು ಅದರ ಸಲಹೆ. ಸುಸ್ಥಿತಿಯಲ್ಲಿರುವ ಹಳೆಯ ಫಿಲ್ಲಿಂಗನ್ನು ವೈದ್ಯಕೀಯ ಕಾರಣವಿಲ್ಲದೆ ತೆಗೆಸಬಾರದು ಎಂದೂ ಅದೇ ಸಲಹೆಯಲ್ಲಿದೆ. ಕೊರೆದು ತೆಗೆಯುವ ಹೊತ್ತಿನಲ್ಲಿ ಏಳುವ ಆವಿ, ಅದನ್ನು ಬಾಯಲ್ಲೇ ಬಿಟ್ಟಿದ್ದರೆ ಬರುತ್ತಿದ್ದ ಆವಿಗಿಂತ ಆ ಕ್ಷಣಕ್ಕೆ ಹೆಚ್ಚಾಗಿರುತ್ತದೆ.

ಮಿನಮಾಟ ಒಪ್ಪಂದ

ಪಾದರಸದ ಬಳಕೆ ತಗ್ಗಿಸುವ ಅಂತಾರಾಷ್ಟ್ರೀಯ ಒಪ್ಪಂದ 2013ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಅಂಗೀಕಾರವಾಗಿ 2017ರ ಆಗಸ್ಟ್ 16ರಂದು ಜಾರಿಗೆ ಬಂತು. ಭಾರತ 2014ರಲ್ಲಿ ಸಹಿ ಹಾಕಿ 2018ರ ಜೂನ್‌ನಲ್ಲಿ ಅನುಮೋದಿಸಿತು. ಹುಳುಕು ತಡೆಗಟ್ಟುವುದು, ಪಾದರಸವಿಲ್ಲದ ವಸ್ತುಗಳನ್ನು ಪ್ರೋತ್ಸಾಹಿಸುವುದು, ಅಳತೆ ಮಾಡಿ ಮುಚ್ಚಿದ ಕ್ಯಾಪ್ಸ್ಯೂಲ್ ರೂಪದ ಅಮಾಲ್ಗಮ್ ಅನ್ನು ಮಾತ್ರ ಬಳಸುವುದು ಮೊದಲಾದ ಒಂಬತ್ತು ಕ್ರಮಗಳನ್ನು ಒಪ್ಪಂದ ಪಟ್ಟಿ ಮಾಡಿ, ಕನಿಷ್ಠ ಎರಡನ್ನಾದರೂ ಕೈಗೊಳ್ಳುವಂತೆ ದೇಶಗಳಿಗೆ ಸೂಚಿಸಿತು. ಬಿಡಿ ಪಾದರಸವನ್ನು ದಂತವೈದ್ಯರು ಬಳಸದಂತೆ ಮಾಡಬೇಕು, ಹಾಲುಹಲ್ಲುಗಳಿಗೆ, 15 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ ಮತ್ತು ಹಾಲುಣಿಸುವ ತಾಯಂದಿರಿಗೆ ವೈದ್ಯರು ಅಗತ್ಯವೆಂದು ಕಂಡ ಹೊರತು ಅಮಾಲ್ಗಮ್ ಬೇಡ ಎಂಬ ತಿದ್ದುಪಡಿ 2022ರಲ್ಲಿ ಬಂತು. 2025ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಸೇರಿದ ಸಭೆ 2034ರೊಳಗೆ ದಂತ ಅಮಾಲ್ಗಮ್‌ಗೆ ಕೊನೆ ಹಾಡಲು ತೀರ್ಮಾನಿಸಿತು. ನಾರ್ವೆ ಮತ್ತು ಸ್ವೀಡನ್ ಹತ್ತು ಹದಿನೈದು ವರ್ಷಗಳಿಗೂ ಹಿಂದೆಯೇ ಅದನ್ನು ಬಹುಪಾಲು ಕೈಬಿಟ್ಟಿದ್ದವು. ಐರೋಪ್ಯ ಒಕ್ಕೂಟ 2025ರ ಜನವರಿ 1ರಿಂದ, ತೀರಾ ಅನಿವಾರ್ಯ ಸಂದರ್ಭಗಳನ್ನು ಬಿಟ್ಟು, ಬಳಕೆ ನಿಲ್ಲಿಸಿತು.

ಈ ಒಪ್ಪಂದಕ್ಕೆ ಮುಖ್ಯ ಕಾರಣ ಪರಿಸರಕ್ಕೆ ಸೇರುವ ಪಾದರಸ. ಬಾಯಲ್ಲಿರುವ ಹಳೆಯ ಫಿಲ್ಲಿಂಗ್‌ಗಳನ್ನೆಲ್ಲ ಕಿತ್ತು ಹಾಕಿ ಎಂದು ಅದು ಹೇಳುವುದಿಲ್ಲ.

ಬದಲಾಯಿಸಲು ಕಾರಣಗಳು

ಫಿಲ್ಲಿಂಗ್ ಒಡೆದಿರುವುದು, ಅಂಚಿನಲ್ಲಿ ಮತ್ತೆ ಹುಳುಕು ಸೇರಿರುವುದು, ಪಕ್ಕದ ಹಲ್ಲುಗೋಡೆ ಸೀಳಿರುವುದು, ಅಗಿದಾಗ ನೋವು ಅಥವಾ ತಣ್ಣನೆಯ ನೀರಿಗೆ ಬಹಳ ಹೊತ್ತು ಜುಮ್ಮೆನ್ನುವುದು, ಫಿಲ್ಲಿಂಗ್‌ಗೆ ತಾಗುವ ಕೆನ್ನೆಯ ಒಳಭಾಗದಲ್ಲಿ ಬಿಳಿ ಬಲೆಯಂಥ ಅಲರ್ಜಿ ಗಾಯ ಎದ್ದಿರುವುದು, ಇವು ಬದಲಾಯಿಸಲು ಸರಿಯಾದ ಕಾರಣಗಳು. ಕಪ್ಪಾಗಿದೆ ಎಂಬುದಾಗಲಿ, ಅಂಚು ಸ್ವಲ್ಪ ಸವೆದಿದೆ ಎಂಬುದಾಗಲಿ ಸಾಕಾಗುವುದಿಲ್ಲ. ಉಜ್ಜಿ ನಯ ಮಾಡುವುದರಿಂದ, ಕೆಟ್ಟ ಭಾಗವನ್ನಷ್ಟೇ ತೆಗೆದು ತೇಪೆ ಹಾಕುವುದರಿಂದ ಎಷ್ಟೋ ಫಿಲ್ಲಿಂಗ್‌ಗಳು ಇನ್ನೂ ಹಲವು ವರ್ಷ ನಡೆಯುತ್ತವೆ. ಪ್ರತಿ ಬಾರಿ ಬದಲಾಯಿಸಿದಾಗಲೂ ಗುಳಿ ದೊಡ್ಡದಾಗುತ್ತದೆ. ಮೂರ್ನಾಲ್ಕು ಸಲ ಬದಲಾದ ಹಲ್ಲು ಕೊನೆಗೆ ರೂಟ್ ಕೆನಾಲ್, ಕ್ಯಾಪ್‌ಗಳ ಹಂತಕ್ಕೆ ಬರುವುದುಂಟು. ಗರ್ಭಿಣಿಯಲ್ಲಿ ತುರ್ತಿಲ್ಲದ ಅಮಾಲ್ಗಮ್ ತೆಗೆತವನ್ನು ಹೆರಿಗೆ ಮತ್ತು ಹಾಲುಣಿಸುವ ಕಾಲ ಮುಗಿಯುವವರೆಗೆ ಮುಂದೂಡುತ್ತಾರೆ.

ಬದಲಿ ವಸ್ತುಗಳು

ಕಾಂಪೊಸಿಟ್ ರಾಳ. ಗಾಜು ಅಥವಾ ಸಿಲಿಕಾದ ನುಣ್ಣನೆಯ ಪುಡಿಯನ್ನು ರಾಳದಲ್ಲಿ ಬೆರೆಸಿ, ನೀಲಿ ಬೆಳಕು ಹಾಯಿಸಿ ಗಟ್ಟಿಗೊಳಿಸುವ ವಸ್ತು ಇದು. ಹಲ್ಲನ್ನು ಆಮ್ಲದಿಂದ ಒರಟಾಗಿಸಿ ರಾಳ ಅಂಟಿಸಬಹುದೆಂದು ಮೈಕೆಲ್ ಬುವೊನೊಕೋರ್ 1955ರಲ್ಲಿ ತೋರಿಸಿದರು. ಇಂದಿನ ರಾಳದ ಮೂಲಸೂತ್ರವನ್ನು ರಾಫೆಲ್ ಬೋವೆನ್ 1960ರ ದಶಕದ ಆರಂಭದಲ್ಲಿ ರೂಪಿಸಿದರು. ಹುಳುಕಿದ ಭಾಗವನ್ನಷ್ಟೇ ಕೊರೆದರೆ ಸಾಕು, ಬಣ್ಣವೂ ಹಲ್ಲಿನದೇ. ಕೆಲಸ ಮಾತ್ರ ನಾಜೂಕಿನದು. ಅಂಟಿಸುವಾಗ ಜೊಲ್ಲು ತಾಗಬಾರದು. ಸಾಮಾನ್ಯ ಕಾಂಪೊಸಿಟನ್ನು ಸುಮಾರು 2 ಮಿಲಿಮೀಟರ್ ಪದರಗಳಲ್ಲಿ ಹಾಕಿ ಒಂದೊಂದನ್ನೂ ಬೆಳಕಿನಿಂದ ಗಟ್ಟಿ ಮಾಡಬೇಕು. ಗಟ್ಟಿಯಾಗುವಾಗ ರಾಳ ಕುಗ್ಗುತ್ತದೆ, ಅಂಚಿನಲ್ಲಿ ಸಂದು ಉಳಿದರೆ ಅಲ್ಲೇ ಹುಳುಕು ಮರಳುತ್ತದೆ. ದವಡೆ ಹಲ್ಲುಗಳಲ್ಲಿ ಕಾಂಪೊಸಿಟ್ ಕೆಡುವುದು ಅಮಾಲ್ಗಮ್‌ಗಿಂತ ಸರಿಸುಮಾರು ಇಮ್ಮಡಿ ಎಂದು ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ ಕೊಕ್ರೇನ್ ಸಮೀಕ್ಷೆ ಹೇಳಿದೆ. ವಸ್ತುಗಳೂ ಅಂಟುಗಳೂ ಅಲ್ಲಿಂದೀಚೆಗೆ ಸುಧಾರಿಸಿವೆ.

ಕಾಂಪೊಸಿಟ್‌ನ ಸುರಕ್ಷೆಯ ಬಗ್ಗೆ ಏಳುವ ಮುಖ್ಯ ಪ್ರಶ್ನೆ ಬಿಸ್ಫೆನಾಲ್-ಎ ಎಂಬ ರಾಸಾಯನಿಕದ್ದು. ಅನೇಕ ರಾಳಗಳನ್ನು ಅದರಿಂದಲೇ ತಯಾರಿಸುವುದರಿಂದ ಅತ್ಯಲ್ಪ ಅಂಶ ಉಳಿದಿರಬಹುದು. ಹಾಕಿದ ದಿನ ಜೊಲ್ಲಿನಲ್ಲಿ ಕಾಣಿಸಿಕೊಳ್ಳುವ ಆ ಅಂಶ ಬೇಗನೆ ಇಳಿಯುತ್ತದೆ. ಬೆಳಕಿನ ದೀಪದ ಶಕ್ತಿ ಕುಂದಿದ್ದರೆ ರಾಳ ಅರೆಗಟ್ಟಿಯಾಗಿ ಉಳಿದು ಬಿಡಿ ಅಣುಗಳು ಹೆಚ್ಚು ಸೋರುತ್ತವೆ. ಆದ್ದರಿಂದ ದೀಪದ ಶಕ್ತಿಯನ್ನು ಆಗಾಗ ಅಳೆಯುವುದು, ಮೇಲ್ಪದರವನ್ನು ಉಜ್ಜಿ ನಯಗೊಳಿಸುವುದು, ಕೊನೆಯಲ್ಲಿ ರೋಗಿಯ ಬಾಯಿ ಮುಕ್ಕಳಿಸಿ ಉಗುಳಿಸುವುದು ಸುರಕ್ಷೆಯ ಭಾಗವೇ. ಬಿಸ್ಫೆನಾಲ್ ಮೂಲದ್ದಲ್ಲದ ರಾಳಗಳೂ ದೊರೆಯುತ್ತವೆ.

ಗ್ಲಾಸ್ ಅಯೊನೊಮರ್. ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ಆಲನ್ ವಿಲ್ಸನ್ ಮತ್ತು ಬ್ರಿಯಾನ್ ಕೆಂಟ್ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿಮೆಂಟ್ ಇದು. ವಿಶೇಷ ಗಾಜಿನ ಪುಡಿ ಆಮ್ಲದೊಡನೆ ಸೇರಿ ತಾನೇ ಗಟ್ಟಿಯಾಗುತ್ತದೆ, ಹಲ್ಲಿನ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ದೀಪ ಬೇಕಿಲ್ಲ, ರಾಳವೂ ಪಾದರಸವೂ ಇಲ್ಲ. ಹಾಕಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಫ್ಲೋರೈಡ್ ಬಿಡುತ್ತದೆ. ಅಗಿಯುವ ದವಡೆಯ ದೊಡ್ಡ ಗುಳಿಗಳಲ್ಲಿ ಸವೆಯುವುದು, ಬಿರಿಯುವುದು ಇದರ ದೌರ್ಬಲ್ಯ. ಸಣ್ಣ ಗುಳಿ, ಒಸಡಿನ ಅಂಚಿನ ಸವೆತ, ಹಾಲುಹಲ್ಲು, ಜೊಲ್ಲು ತಡೆಯಲಾಗದ ಜಾಗ ಇವಕ್ಕೆ ಒಪ್ಪುತ್ತದೆ. ಕರೆಂಟು, ಡ್ರಿಲ್ಲು ಇಲ್ಲದ ಕಡೆ ಕೈಸಲಕರಣೆಯಿಂದಲೇ ಹುಳುಕು ಕೆರೆದು ಈ ಸಿಮೆಂಟ್ ತುಂಬುವ ವಿಧಾನ 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಬೆಳೆಯಿತು. ಶಾಲಾ ಶಿಬಿರಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಗ್ಲಾಸ್ ಅಯೊನೊಮರ್ ಅನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ರಾಳ ಬೆರೆಸಿದ ಗ್ಲಾಸ್ ಅಯೊನೊಮರ್ ಇನ್ನೂ ಗಟ್ಟಿ. ಅದರಲ್ಲಿರುವ ಹೆಮಾ ಎಂಬ ಅಂಶಕ್ಕೆ ಕೆಲವರಿಗೆ ಅಲರ್ಜಿ ಉಂಟು.

ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರಿನಲ್ಲಿ ಫ್ಲೋರೈಡ್ ಬಿಡುವ ಸಿಮೆಂಟ್ ಏಕೆ ಎಂಬ ಸಂದೇಹ ಸಹಜ. ಈ ಸಿಮೆಂಟ್‌ನಿಂದ ಹೊರಬೀಳುವ ಫ್ಲೋರೈಡ್ ದಿನನಿತ್ಯ ಕುಡಿಯುವ ನೀರಿನ ಲೆಕ್ಕಕ್ಕೆ ಹೋಲಿಸಿದರೆ ತೀರಾ ಅಲ್ಪ, ಅದರ ಕೆಲಸವೂ ಸುತ್ತಲಿನ ಹಲ್ಲಿನ ಮೇಲ್ಮೈಗೆ ಸೀಮಿತ. ಫ್ಲೋರೋಸಿಸ್ ಹೆಚ್ಚುವ ಭಯದಿಂದ ಇದನ್ನು ಬಿಡಬೇಕಾಗಿಲ್ಲ.

ಕ್ಯಾಪ್. ಹಲ್ಲಿನ ಗೋಡೆಗಳೇ ಬಿದ್ದುಹೋದಾಗ ತುಂಬುವುದಕ್ಕಿಂತ ಹೊದಿಸುವುದು ಮೇಲು. ಅಳತೆ ತೆಗೆದು ಲ್ಯಾಬಿನಲ್ಲಿ ಮಾಡಿಸುವ ಪಿಂಗಾಣಿ, ಜಿರ್ಕೋನಿಯಾ ಅಥವಾ ಲೋಹದ ಕ್ಯಾಪ್‌ಗಳು ದುಬಾರಿ, ಎರಡು ಮೂರು ಭೇಟಿ ಬೇಡುತ್ತವೆ, ಬಾಳಿಕೆಯೂ ದೀರ್ಘ. ನಿಕಲ್ ಅಲರ್ಜಿ ಇರುವವರು ಲೋಹದ ಕ್ಯಾಪ್‌ನಲ್ಲಿ ನಿಕಲ್ ಇದೆಯೇ ಎಂದು ಕೇಳಿಕೊಳ್ಳಬೇಕು. ಮಕ್ಕಳ ಹಾಲು ದವಡೆ ಹಲ್ಲುಗಳಿಗೆ ಸಿದ್ಧ ಸ್ಟೀಲ್ ಕ್ಯಾಪ್ ಉಂಟು. ಸ್ಕಾಟ್ಲೆಂಡ್‌ನ ದಂತವೈದ್ಯೆ ನೋರ್ನಾ ಹಾಲ್ ಅವರ ಹೆಸರಿನ ವಿಧಾನದಲ್ಲಿ ಇಂಜೆಕ್ಷನ್, ಡ್ರಿಲ್ ಎರಡೂ ಇಲ್ಲದೆ ಇದನ್ನು ಕೂರಿಸುತ್ತಾರೆ.

ತಾತ್ಕಾಲಿಕ ಸಿಮೆಂಟ್. ನೋವಿರುವ ಹಲ್ಲಿಗೆ ಮೊದಲು ಲವಂಗದೆಣ್ಣೆಯ ಸತ್ವವಾದ ಯೂಜಿನಾಲ್ ಬೆರೆತ ಸತುವಿನ ಸಿಮೆಂಟ್ ಹಾಕುವ ರೂಢಿಯಿದೆ. ಅದು ನೋವು ಇಳಿಸುತ್ತದೆ. ಆದರೆ ಯೂಜಿನಾಲ್ ರಾಳ ಗಟ್ಟಿಯಾಗುವುದನ್ನು ತಡೆಯುವುದರಿಂದ ಅದರ ಮೇಲೆ ನೇರವಾಗಿ ಕಾಂಪೊಸಿಟ್ ಹಾಕುವಂತಿಲ್ಲ.

ಫ್ಲೋರೋಸಿಸ್ ಹಲ್ಲಿಗೆ ಅಂಟಿಸುವಾಗ

ಮಧ್ಯಮ ಮತ್ತು ತೀವ್ರ ಫ್ಲೋರೋಸಿಸ್‌ನಲ್ಲಿ ಎನಾಮಲ್‌ನ ಹೊರಪದರ ಫ್ಲೋರೈಡ್ ತುಂಬಿ ಆಮ್ಲಕ್ಕೆ ಸುಲಭವಾಗಿ ಕರಗದಷ್ಟು ಗಟ್ಟಿಯಾಗಿರುತ್ತದೆ. ಅದರ ಕೆಳಗೆ ರಂಧ್ರಮಯವಾದ ಮೆತ್ತನೆಯ ಪದರವಿರುತ್ತದೆ. ಸಾಮಾನ್ಯ ಹಲ್ಲಿನ ಮೇಲೆ ಸುಮಾರು ಶೇಕಡಾ 37ರ ಫಾಸ್ಫರಿಕ್ ಆಮ್ಲವನ್ನು 15ರಿಂದ 30 ಸೆಕೆಂಡ್ ಇಟ್ಟರೆ ರಾಳಕ್ಕೆ ಬೇಕಾದ ಒರಟು ಮೇಲ್ಮೈ ಸಿಗುತ್ತದೆ. ಫ್ಲೋರೋಸಿಸ್ ಹಲ್ಲಿನಲ್ಲಿ ಅಷ್ಟು ಸಾಲದೆ ಅಂಟು ಸಡಿಲವಾಗಬಹುದು. ಅದಕ್ಕಾಗಿ ಹೊರಪದರವನ್ನು ಬರ್ ಎಂಬ ಸಣ್ಣ ಕೊರೆಯುವ ಮೊನೆಯಿಂದ ತೆಳುವಾಗಿ ಕೆರೆದು ಆಮ್ಲವನ್ನು ಹೆಚ್ಚು ಹೊತ್ತು ಇಡುವ ಪದ್ಧತಿಯಿದೆ. ಆಮ್ಲ ಹಚ್ಚಿ ತೊಳೆಯುವ ಹಂತವಿಲ್ಲದ ಸೌಮ್ಯ ಅಂಟುಗಳು ಇಂಥ ಎನಾಮಲ್‌ನಲ್ಲಿ ಹಿಂದೆ ಬೀಳುತ್ತವೆ. ಅವನ್ನು ಬಳಸುವಾಗಲೂ ಎನಾಮಲ್ ಅಂಚಿಗೆ ಬೇರೆಯಾಗಿ ಆಮ್ಲ ಹಚ್ಚುವುದು ಒಳಿತು. ಚಕ್ಕೆ ಏಳುವ ದುರ್ಬಲ ಅಂಚನ್ನು ಉಳಿಸಿಕೊಂಡು ಅದರ ಮೇಲೆ ಅಂಟಿಸಿದರೆ ಫಿಲ್ಲಿಂಗ್ ಎನಾಮಲ್ ಸಮೇತ ಕಳಚುತ್ತದೆ. ಆದ್ದರಿಂದ ಗಟ್ಟಿ ಭಾಗ ಸಿಗುವವರೆಗೆ ಅಂಚನ್ನು ಸರಿಪಡಿಸಬೇಕು. ಬಾಲ್ಯ ಕಳೆದ ಊರು ಯಾವುದು, ಯಾವ ನೀರು ಕುಡಿದಿರಿ ಎಂದು ವೈದ್ಯರು ಕೇಳಿದರೆ ಅದಕ್ಕೆ ಕಾರಣ ಇದೇ. ಅವರು ಕೇಳದಿದ್ದರೆ ರೋಗಿಯೇ ಹೇಳುವುದು ಉಪಯುಕ್ತ.

ತೆಗೆಯುವ ಕ್ರಮ

ಅಮಾಲ್ಗಮ್ ಅನ್ನು ಪುಡಿ ಮಾಡಿ ತೆಗೆಯಬಾರದು. ಎರಡು ಮೂರು ಕಡೆ ಸೀಳಿ ತುಂಡುಗಳಾಗಿ ಎತ್ತಬೇಕು. ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಕಟ್ಟಿದರೆ ಚೂರುಗಳು ಗಂಟಲಿಗೆ ಇಳಿಯುವುದಿಲ್ಲ, ಅದೇ ಹಾಳೆ ಮುಂದೆ ಕಾಂಪೊಸಿಟ್ ಅಂಟಿಸುವಾಗ ಜೊಲ್ಲನ್ನೂ ತಡೆಯುತ್ತದೆ. ಹೊಸ ಬರ್, ಸಾಕಷ್ಟು ತಣ್ಣೀರಿನ ಧಾರೆ, ಜೋರಾದ ಸಕ್ಷನ್, ಕಿಟಕಿ ತೆರೆದ ಅಥವಾ ಗಾಳಿ ಹೊರಹಾಕುವ ಕೋಣೆ ಇರಬೇಕು. ಇದರಿಂದ ರೋಗಿಗಿಂತ ಹೆಚ್ಚು ರಕ್ಷಣೆ ಸಿಗುವುದು ದಿನವೂ ಅದೇ ಗಾಳಿ ಉಸಿರಾಡುವ ವೈದ್ಯರಿಗೆ ಮತ್ತು ಸಹಾಯಕರಿಗೆ. ಒಂದೇ ದಿನ ಬಾಯಿಯ ಎಲ್ಲ ಫಿಲ್ಲಿಂಗ್‌ಗಳನ್ನೂ ತೆಗೆಯುವ ಅವಸರ ಬೇಕಿಲ್ಲ. ‘ಪಾದರಸ ಹೊರಹಾಕುವ’ ಔಷಧ, ಪುಡಿಗಳನ್ನು ಫಿಲ್ಲಿಂಗ್ ತೆಗೆಸಿದ ಕಾರಣಕ್ಕಾಗಿ ಸೇವಿಸುವುದರಿಂದ ಪ್ರಯೋಜನವಿದೆ ಎಂಬುದಕ್ಕೆ ಆಧಾರವಿಲ್ಲ.

ತೆಗೆದ ಚೂರುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕೂಡಿಟ್ಟು ಅಧಿಕೃತ ಸಂಸ್ಥೆಗೆ ಕೊಡಬೇಕು. ಸುಟ್ಟರೆ ಪಾದರಸ ಆವಿಯಾಗಿ ಗಾಳಿ ಸೇರುತ್ತದೆ, ಆದ್ದರಿಂದ ಸುಡಲು ಹೋಗುವ ಹಳದಿ ಚೀಲಕ್ಕೆ ಅವನ್ನು ಹಾಕಬಾರದು. ಚರಂಡಿಗೆ ಹರಿಯುವ ಸೂಕ್ಷ್ಮ ಚೂರುಗಳನ್ನು ಹಿಡಿಯಲು ಸೆಪರೇಟರ್ ಎಂಬ ಸಾಧನವಿದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಪಾದರಸ ಧಾತುವಾದ್ದರಿಂದ ಸಂಸ್ಕರಣೆಯಲ್ಲಿ ಅದು ನಾಶವಾಗದು, ಹೆಚ್ಚಿನ ಪಾಲು ಕೆಸರಿನಲ್ಲಿ ಉಳಿಯುತ್ತದೆ. ಹೀಗಾಗಿ ಕ್ಲಿನಿಕ್ಕಿನಲ್ಲೇ ಅದನ್ನು ತಡೆಯುವುದು ಈ ಸೀಮೆಗೆ ಇನ್ನಷ್ಟು ಮುಖ್ಯ.

ಆಯ್ಕೆಯ ಕ್ರಮ

ಗುಳಿಯ ಗಾತ್ರ, ಹಲ್ಲಿನ ಸ್ಥಾನ, ಎನಾಮಲ್‌ನ ಸ್ಥಿತಿ, ರೋಗಿಯ ವಯಸ್ಸು, ಮತ್ತೆ ಮತ್ತೆ ಬರಲು ಆಗುವುದೇ ಎಂಬ ಅನುಕೂಲ, ಇವೆಲ್ಲ ಸೇರಿ ಆಯ್ಕೆ ನಿರ್ಧಾರವಾಗುತ್ತದೆ. ಸಾಮಾನ್ಯವಾಗಿ ಹೀಗೆ ವಿಂಗಡಿಸಬಹುದು:

ದವಡೆ ಹಲ್ಲಿನ ಸಣ್ಣ ಅಥವಾ ಮಧ್ಯಮ ಗುಳಿ, ಸುತ್ತ ಒಳ್ಳೆಯ ಎನಾಮಲ್ ಇದ್ದರೆ: ಕಾಂಪೊಸಿಟ್.

ಫ್ಲೋರೋಸಿಸ್ ಇದ್ದೂ ಅಂಚಿನಲ್ಲಿ ಗಟ್ಟಿ ಎನಾಮಲ್ ಸಿಕ್ಕರೆ: ಮೇಲೆ ಹೇಳಿದ ತಯಾರಿಯೊಂದಿಗೆ ಕಾಂಪೊಸಿಟ್. ಅಂಚು ಪುಡಿಯಾಗುತ್ತಿದ್ದರೆ ಕ್ಯಾಪ್.

ಒಸಡಿನ ಕೆಳಗೆ ಇಳಿದ, ತೇವ ತಡೆಯಲಾಗದ ಗುಳಿ: ಗ್ಲಾಸ್ ಅಯೊನೊಮರ್, ಅಥವಾ ತಳಕ್ಕೆ ಅದನ್ನಿಟ್ಟು ಮೇಲೆ ಕಾಂಪೊಸಿಟ್.

ಹಾಲುಹಲ್ಲು: ಗುಳಿಯ ಗಾತ್ರ ನೋಡಿ ಗ್ಲಾಸ್ ಅಯೊನೊಮರ್ ಅಥವಾ ಸ್ಟೀಲ್ ಕ್ಯಾಪ್. ಹುಳುಕಿನ ಓಟ ನಿಲ್ಲಿಸಿದರೆ ಸಾಕಾದಾಗ ಸಿಲ್ವರ್ ಡಯಮೈನ್ ಫ್ಲೋರೈಡ್ ದ್ರವ. ಇದು ಹುಳುಕಿದ ಭಾಗವನ್ನು ಶಾಶ್ವತವಾಗಿ ಕಪ್ಪಾಗಿಸುತ್ತದೆ ಎಂಬುದನ್ನು ಪೋಷಕರಿಗೆ ಮೊದಲೇ ತಿಳಿಸಬೇಕು.

ಗೋಡೆ ಬಿದ್ದ ಅಥವಾ ರೂಟ್ ಕೆನಾಲ್ ಆದ ದವಡೆ ಹಲ್ಲು: ಕ್ಯಾಪ್.

ರಾಳದ ಅಲರ್ಜಿ ಇರುವವರು: ರಾಳ ಬೆರೆಸದ ಗ್ಲಾಸ್ ಅಯೊನೊಮರ್, ಅಥವಾ ರಾಳವಿಲ್ಲದ ಸಿಮೆಂಟಿನಿಂದ ಕೂರಿಸಿದ ಕ್ಯಾಪ್.

ಶಿಡ್ಲಘಟ್ಟದ ರೇಷ್ಮೆ ಬಿಚ್ಚಣಿಕೆ ಘಟಕಗಳಲ್ಲಿ ದುಡಿಯುವವರಿಗೂ ಚಿಂತಾಮಣಿ, ಗೌರಿಬಿದನೂರಿನ ಕೃಷಿ ಕೂಲಿಗಳಿಗೂ ಆಸ್ಪತ್ರೆಯ ಪ್ರತಿ ಭೇಟಿಯೆಂದರೆ ಒಂದು ದಿನದ ಸಂಪಾದನೆ ಹೋದಂತೆ. ಆದ್ದರಿಂದ ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ಬೆಲೆ ಹೆಚ್ಚು. ಆದರೆ ಎರಡು ವರ್ಷಕ್ಕೆ ಕಳಚುವ ಅಗ್ಗದ ಫಿಲ್ಲಿಂಗ್ ಕೊನೆಗೆ ದುಬಾರಿಯೇ ಆಗುತ್ತದೆ.

ವೈದ್ಯರು ಮತ್ತು ವಸ್ತುವಿನ ಖಾತರಿ

ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳ ದಂತ ವಿಭಾಗಗಳಲ್ಲಿ ಮೂಲ ಚಿಕಿತ್ಸೆ ದೊರೆಯುತ್ತದೆ. ಹೆಚ್ಚಿನ ಚಿಕಿತ್ಸೆಗೆ ಜನ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೆ ಮತ್ತು ಖಾಸಗಿ ದಂತ ಕಾಲೇಜುಗಳಿಗೆ ಹೋಗುತ್ತಾರೆ. ಖಾಸಗಿ ದಂತವೈದ್ಯರು ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕ್ಲಿನಿಕ್ಕಿಗೂ ನೋಂದಣಿ ಬೇಕು, ಶುಲ್ಕದ ಪಟ್ಟಿಯನ್ನು ಪ್ರದರ್ಶಿಸಬೇಕು. ಫಿಲ್ಲಿಂಗ್ ವಸ್ತುಗಳು 2017ರ ವೈದ್ಯಕೀಯ ಸಾಧನ ನಿಯಮಗಳಡಿ ಬರುತ್ತವೆ. ಪೊಟ್ಟಣದ ಮೇಲೆ ತಯಾರಿಕೆ ಅಥವಾ ಆಮದು ಪರವಾನಗಿ ಸಂಖ್ಯೆ, ಬ್ಯಾಚ್ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ಬೇಸಿಗೆಯಲ್ಲಿ ಬಿಸಿಗೆ ಇಟ್ಟ ಅಥವಾ ಅವಧಿ ಮೀರಿದ ಅಂಟು ದ್ರವ ಕೆಲಸ ಮಾಡುವುದಿಲ್ಲ. ಯಾವ ವಸ್ತು ಹಾಕಿದರೆಂದು ಚೀಟಿಯಲ್ಲಿ ಬರೆಸಿಕೊಂಡರೆ ಮುಂದಿನ ವೈದ್ಯರಿಗೆ ಅನುಕೂಲ.

ಆರೈಕೆ ಮತ್ತು ತಡೆ

ಕಾಂಪೊಸಿಟ್ ದೀಪದಿಂದಲೇ ಗಟ್ಟಿಯಾಗುವುದರಿಂದ ಮರಗಟ್ಟಿದ ತುಟಿ ಸರಿಹೋದ ಮೇಲೆ ಊಟ ಮಾಡಬಹುದು. ಗ್ಲಾಸ್ ಅಯೊನೊಮರ್ ಹಾಕಿಸಿದವರು ಒಂದು ದಿನ ಆ ಬದಿಯಲ್ಲಿ ಗಟ್ಟಿ ಪದಾರ್ಥ ಅಗಿಯಬಾರದು. ಮುದ್ದೆ ಸಾರಿನ ಊಟದಿಂದ ಫಿಲ್ಲಿಂಗ್‌ಗೆ ತೊಂದರೆಯಿಲ್ಲ, ಮುದ್ದೆ ನುಂಗುವಂಥದು. ಕಬ್ಬು ಸಿಗಿಯುವುದು, ಮಾಂಸದ ಮೂಳೆ ಕಡಿಯುವುದು, ಸುಪಾರಿ ಅಗಿಯುವುದು ದೊಡ್ಡ ಫಿಲ್ಲಿಂಗ್‌ಗಳನ್ನು ಒಡೆಯುತ್ತವೆ. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಕಾಂಪೊಸಿಟ್‌ಗೆ ಕರೆ ಹಿಡಿಸುತ್ತವೆ, ಬಾಯಿ ಕ್ಯಾನ್ಸರಿನ ಅಪಾಯ ಅದಕ್ಕಿಂತ ದೊಡ್ಡದು.

ಫ್ಲೋರೋಸಿಸ್ ತಡೆಗೆ ಆರಂಭದ ಹೆಜ್ಜೆ ನೀರಿನ ಪರೀಕ್ಷೆ. ನೀರು ಕಾಯಿಸುವುದರಿಂದ ಫ್ಲೋರೈಡ್ ಹೋಗದು, ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿರುವ ಆರ್‌ಒ ಯಂತ್ರಗಳು ಸುಸ್ಥಿತಿಯಲ್ಲಿದ್ದರೆ ಬಹುಪಾಲು ಫ್ಲೋರೈಡ್ ತೆಗೆಯುತ್ತವೆ. ಚಾವಣಿಯಿಂದ ಸಂಗ್ರಹಿಸಿ ಶುದ್ಧವಾಗಿಟ್ಟ ಮಳೆನೀರೂ ಸುರಕ್ಷಿತ. ಎಂಟು ವರ್ಷದೊಳಗಿನ ಮಕ್ಕಳಿಗೆ ಕುಡಿಯಲು ಮಾತ್ರವಲ್ಲದೆ ಅಡುಗೆಗೂ ಇಂಥ ನೀರನ್ನೇ ಬಳಸುವುದು ಮುಖ್ಯ. ಫ್ಲೋರೈಡ್ ಪೇಸ್ಟ್ ಹುಳುಕು ತಡೆಯುತ್ತದೆ. ಚಿಕ್ಕ ಮಕ್ಕಳ ಬ್ರಷ್‌ಗೆ ಅಕ್ಕಿಕಾಳಿನಷ್ಟು ಹಚ್ಚಿ, ನುಂಗದೆ ಉಗುಳುವುದನ್ನು ಹಿರಿಯರು ಕಲಿಸಬೇಕು. ಹುಳುಕಿಲ್ಲದ ಹಲ್ಲಿಗೆ ಅಮಾಲ್ಗಮ್ಮೂ ಬೇಡ, ಅದರ ಬದಲಿಯೂ ಬೇಡ. ಮಿನಮಾಟ ಒಪ್ಪಂದದ ಒಂಬತ್ತು ಕ್ರಮಗಳಲ್ಲಿ ಹುಳುಕು ತಡೆಗಟ್ಟುವುದನ್ನು ಮೊದಲು ಹೇಳಿರುವುದು ಇದೇ ಕಾರಣಕ್ಕೆ.